ಒಂದೇ ಆಯುಧ

ಕಳೆದ ದಸರಾ ರಜೆಗೆ ನನ್ನ ಮಗ ಬೆಂಗಳೂರಿನಿಂದ ಮೂವರು ಗೆಳೆಯರನ್ನು ಕರೆತಂದಿದ್ದ. ಬೊಂಬೆ ಕೂರಿಸಿದ್ದ ಹಜಾರಕ್ಕೇ ಊಟದ ಮೇಜನ್ನು ಎಳೆದು ತಂದು, ಕಾಗದ, ಪೆನ್ಸಿಲು, ಬಣ್ಣಬಣ್ಣದ ದಾಳಗಳನ್ನು ಹರಡಿಕೊಂಡು ಕೂತರು. ಪಗಡೆಯ ದಾಳ, ಹಾವು-ಏಣಿಯ ದಾಳ ನಾನು ಕಂಡಿದ್ದೆ. ಇವರ ಬಳಿ ಎಂಟು ಮುಖದ್ದು, ಇಪ್ಪತ್ತು ಮುಖದ್ದೂ ಇದ್ದವು.

"ಅಮ್ಮ, ಒಬ್ಬರು ಕಡಿಮೆ ಇದ್ದೀವಿ, ನೀನೂ ಬಾ. ನಿಂಗೆ ಫೈಟರ್ ಕೊಡ್ತೀವಿ, ಸುಲಭ" ಎಂದ ಮಗ. ಒಂದು ಜಿರಲೆಯನ್ನೂ ನೆಟ್ಟಗೆ ಹೊಡೆಯಲಾರದ ನಾನು ಯೋಧೆ!

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದದ್ದಂತೆ. ಒಬ್ಬ ಕಥೆ ಹೇಳುತ್ತಾನೆ, ಮಿಕ್ಕವರು ಒಂದೊಂದು ಪಾತ್ರವಾಗಿ ಆ ಕಥೆಯೊಳಗೆ ನಡೆಯುತ್ತಾರೆ. ಒಬ್ಬರನ್ನೊಬ್ಬರು ಸೋಲಿಸುವುದಿಲ್ಲ, ಒಟ್ಟಾಗಿ ಹೋಗುತ್ತಾರೆ. ನನ್ನ ಮಗ ಕಥೆಗಾರ. ಒಬ್ಬ ಮಂತ್ರವಾದಿ, ಒಬ್ಬ ಬೀಗ ತೆರೆಯುವ ಕಳ್ಳ, ಜೊತೆಗಿದ್ದ ಹುಡುಗಿ ಗಾಯ ವಾಸಿಮಾಡುವ ಪೂಜಾರಿಣಿ.

ಸುಲಭ ಅಂದದ್ದು ಬರೀ ಸುಳ್ಳು. ಮೊದಲು ಆಯುಧ ಆರಿಸಬೇಕು. ಉದ್ದ ಕತ್ತಿಯಾದರೆ ಒಂದು ಕೈ ಸಾಕು, ಇನ್ನೊಂದರಲ್ಲಿ ಗುರಾಣಿ ಹಿಡಿಯಬಹುದು. ಆದರೆ ಏಟಿಗೆ ಎಂಟು ಮುಖದ ದಾಳ ಒಂದೇ, ಸರಾಸರಿ ನಾಲ್ಕೂವರೆ. ಎರಡು ಕೈಯಲ್ಲಿ ಹಿಡಿಯುವ ದೊಡ್ಡ ಕತ್ತಿಗೆ ಆರು ಮುಖದ ದಾಳ ಎರಡು, ಸರಾಸರಿ ಏಳು. ಆದರೆ ಗುರಾಣಿ ಬಿಡಬೇಕು. ಒಂದು ಬೇಕೆಂದರೆ ಇನ್ನೊಂದು ಬಿಡಬೇಕು ಎನ್ನುವ ಲೆಕ್ಕ ಹೆಂಗಸರಿಗೆ ಹೇಳಿಕೊಡಬೇಕೆ? ನಾನು ಕತ್ತಿ, ಗುರಾಣಿ ಎರಡನ್ನೂ ಇಟ್ಟುಕೊಂಡೆ.

ಆಮೇಲೆ ಬಂದವು 'ಫೀಟ್'ಗಳು. ಗರಡಿಮನೆಯ ಮಾತಿನಲ್ಲಿ ಪಟ್ಟು ಎನ್ನೋಣ. ಇವರು ಆಡುವುದು 2000ದಲ್ಲಿ ಬಂದ ಮೂರನೆಯ ಆವೃತ್ತಿಯ ನಿಯಮಗಳಂತೆ. ಅದರಲ್ಲಿ ಇಪ್ಪತ್ತನೇ ಹಂತ ಮುಟ್ಟುವಷ್ಟರಲ್ಲಿ ಯಾವ ಪಾತ್ರಕ್ಕೂ 7 ಪಟ್ಟು ಸಿಕ್ಕುತ್ತವೆ. ಫೈಟರ್‌ಗೆ ಅವಲ್ಲದೆ ಇನ್ನೂ 11. ಅದರಲ್ಲೊಂದು ವೆಪನ್ ಫೋಕಸ್. ಒಂದೇ ಆಯುಧವನ್ನು ನೆಚ್ಚಿಕೊಂಡರೆ ಅದರಿಂದ ಹೊಡೆಯುವಾಗ ದಾಳಕ್ಕೆ ಒಂದು ಅಂಕ ಹೆಚ್ಚು. ನಾಲ್ಕನೇ ಹಂತದಲ್ಲಿ ಅದರ ಮೇಲೆ ಇನ್ನೊಂದು ಪಟ್ಟು ತೆಗೆದುಕೊಂಡರೆ ಏಟಿಗೆ ಎರಡಂಕ ಹೆಚ್ಚು. ಬೇರೆ ಆಯುಧ ಕೈಗೆ ಬಂದರೆ ಎರಡೂ ಸೊನ್ನೆ.

ನನಗೆ ಮನಸ್ಸು ಒಪ್ಪಲಿಲ್ಲ. ಕೈಯಲ್ಲಿ ಏನೇ ಇರಲಿ, ಎಲ್ಲರಿಗಿಂತ ಮೊದಲು ಎಚ್ಚೆತ್ತು ನಿಲ್ಲುವ ಪಟ್ಟು ಇತ್ತು, ಮನಸ್ಸು ಗಟ್ಟಿ ಮಾಡುವ ಪಟ್ಟು ಇತ್ತು. ಅವನ್ನೇ ಕೇಳಿದೆ. "ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕಲಿತರೆ ಯಾವುದಕ್ಕೂ ಆಗಲ್ಲಮ್ಮ, ಒಂದನ್ನ ಹಿಡಿ" ಎಂದ ಮಗ. ಮೂವತ್ತು ವರ್ಷ ತರಗತಿಯಲ್ಲಿ ನಾನೇ ಹೇಳಿಕೊಂಡು ಬಂದ ಮಾತು! "ಕತ್ತಿಯೇ ಹೋದರೆ ಏನೋ ಮಾಡ್ಲಿ?" ಎಂದೆ. ಹುಡುಗಿ ನಕ್ಕು, "ನಾವಿದ್ದೀವಲ್ಲ ಆಂಟಿ" ಎಂದಳು. ಆ ಧೈರ್ಯದ ಮೇಲೆ ಕತ್ತಿಯನ್ನೇ ನೆಚ್ಚಿಕೊಂಡೆ.

ಕತ್ತಿ ಹೋಯಿತು. ಕಬ್ಬಿಣಕ್ಕೆ ತುಕ್ಕು ಹಿಡಿಸುವ ಒಂದು ಪ್ರಾಣಿ ಎದುರಾಗಿ, ನಾನು ಹೊಡೆದ ಏಟಿಗೆ ಕತ್ತಿಯೇ ಉದುರಿ ಪುಡಿಯಾಯಿತು. ಪಟ್ಟುಗಳೆಲ್ಲ ಕಾಗದದ ಮೇಲೆ ಉಳಿದವು. ಆದರೆ ಆ ಮೂವರೂ ಹಿಂದೆಮುಂದೆ ನೋಡದೆ ನನ್ನ ಮುಂದೆ ಬಂದು ನಿಂತರು. ಕಳ್ಳನಾಗಿದ್ದ ಹುಡುಗ ತನ್ನ ಮರದ ದೊಣ್ಣೆಯನ್ನು ನನಗೆ ಕೊಟ್ಟ. ಆಟ ಮುಂದುವರಿಯಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಅಕ್ಕ ನೆನಪಾದಳು.

ಅಮ್ಮನಿಗೆ ಲಕ್ವ ಹೊಡೆದಾಗ ಅಕ್ಕ ಒಂಬತ್ತನೇ ತರಗತಿ. ಯಾರೂ ಶಾಲೆ ಬಿಡು ಎನ್ನಲಿಲ್ಲ, ಅವಳು ಬಿಟ್ಟಳು. ನಾನು ಓದಿ ಬಿ.ಎ., ಬಿ.ಎಡ್. ಮಾಡಿದೆ. ಅವಳಿಗೆ ಸೌಟು, ನನಗೆ ಸೀಮೆಸುಣ್ಣ. ಇಬ್ಬರೂ ಒಂದೊಂದೇ ಆಯುಧ ಹಿಡಿದೆವು, ಇಬ್ಬರೂ ಪಳಗಿದೆವು. ಮಗ್ಗುಲು ಹೊರಳಲಾರದ ಅಮ್ಮನಿಗೆ ಹನ್ನೊಂದು ವರ್ಷ ಒಂದು ಹುಣ್ಣಾಗದಂತೆ ನೋಡಿಕೊಂಡವಳು ಅವಳು. ಆದರೆ ನನ್ನ ಆಯುಧಕ್ಕೆ ಸಂಬಳವಿತ್ತು. ಅವಳದು ಆ ಒಂದು ಮನೆಯೊಳಗೆ ಮಾತ್ರ ನಡೆಯುವಂಥದ್ದು.

2016ರಲ್ಲಿ ಅಪ್ಪ ತೀರಿಕೊಂಡ ಮೇಲೆ ಮನೆ ಮಾರಿದರು. ಹೆಣ್ಣುಮಕ್ಕಳಿಗೂ ಸಮಪಾಲೆಂದು 2005ರಲ್ಲೇ ಕಾನೂನಿಗೆ ತಿದ್ದುಪಡಿಯಾಗಿತ್ತು. ನನಗದು ಗೊತ್ತಿತ್ತು. ಆದರೂ ಹಕ್ಕು ಬಿಡುಗಡೆ ಪತ್ರಕ್ಕೆ ಮೊದಲು ಸಹಿ ಹಾಕಿದವಳು ನಾನೇ. ತಮ್ಮಂದಿರ ಮುಂದೆ ದೊಡ್ಡತನ ತೋರುವುದು ಸಂಬಳದವಳಿಗೆ ಸುಲಭ. ನಾನು ಹಾಕಿದ ಮೇಲೆ ಅಕ್ಕ ಹಾಕದೆ ಇರುತ್ತಾಳೆಯೇ? ಈಗ ಅವಳು ತಮ್ಮನ ಮನೆಯಲ್ಲಿದ್ದಾಳೆ. ಅವರು ಕೆಟ್ಟವರಲ್ಲ. ಆದರೆ ಅಲ್ಲಿನ ಒಲೆ ಅವಳದಲ್ಲ. ಬಿ.ಪಿ. ಮಾತ್ರೆಗೂ ಕೈಚಾಚಬೇಕು.

ಹೆಣ್ಣುಮಕ್ಕಳು ಎರಡು ವಿದ್ಯೆ ಕಲಿತಿರಬೇಕು, ಬ್ಯಾಂಕು ವ್ಯವಹಾರ ತಿಳಿದಿರಬೇಕು ಎಂದು ನಾವೆಲ್ಲ ಉಪದೇಶಿಸುತ್ತೇವೆ. ನಿಜವೇ. ಆದರೆ ರಾತ್ರಿಯಿಡೀ ಅಮ್ಮನ ಮಗ್ಗುಲಲ್ಲಿ ಕೂತವಳು ಯಾವ ಹೊತ್ತಿನಲ್ಲಿ ಟೈಪಿಂಗ್ ಕಲಿಯಬೇಕಿತ್ತು, ನೀವೇ ಹೇಳಿ. ಒಂದೇ ಆಯುಧ ನೆಚ್ಚಿದ್ದು ಅವಳ ತಪ್ಪಲ್ಲ. ಆಟದಲ್ಲಿ ನಾನೂ ಅದನ್ನೇ ಮಾಡಿದೆ, ಬೆನ್ನಿಗೆ ಮೂವರಿದ್ದಾರೆ ಎಂಬ ನಂಬಿಕೆಯ ಮೇಲೆ. ಅಕ್ಕನೂ ನಮ್ಮನ್ನು ಹಾಗೇ ನಂಬಿದ್ದಳು. ಅವಳು ಮನೆ ಹಿಡಿದದ್ದರಿಂದ ನಾನು ಪುಸ್ತಕ ಹಿಡಿದೆ. ಅವಳ ಕತ್ತಿ ಮುರಿದ ದಿನ ಮುಂದೆ ಬಂದು ನಿಲ್ಲಬೇಕಾದವಳು ನಾನು. ನಿಲ್ಲಲಿಲ್ಲ.

ಮುಂದಿನ ಭಾನುವಾರ ತಮ್ಮನ ಮನೆಗೆ ಹೋದೆ. "ನಮ್ಮನೆಗೆ ಬಂದುಬಿಡೇ ಅಕ್ಕ" ಎಂದೆ. "ಯಾಕೆ, ಅಡುಗೆಯವಳು ಬಿಟ್ಟಳಾ?" ಎಂದಳು. ಕೊಂಕಲ್ಲ, ನಿಜವಾಗಿಯೇ ಕೇಳಿದಳು.

ಅವಳ ಹೆಸರಿನಲ್ಲಿ ಅಂಚೆ ಕಚೇರಿಯಲ್ಲಿ ಖಾತೆ ತೆರೆಸಿದ್ದೇನೆ. ತಿಂಗಳ ಸಂಬಳದಲ್ಲಿ ಒಂದು ಪಾಲು ಅದಕ್ಕೆ ಹೋಗುತ್ತದೆ. ಕೊಡುಗೆ ಎಂದು ಅಕ್ಕ ಸಂಕೋಚಪಡುತ್ತಾಳೆ. ಸಾಲ ತೀರಿಸುತ್ತಿದ್ದೇನೆ ಎಂದರೆ ನಂಬುವುದಿಲ್ಲ. ಪ್ರತಿ ತಿಂಗಳೂ ಹೇಳುತ್ತಿದ್ದೇನೆ.