ಕೈಗೆ ಕಲಿಸುವ ಶಾಲೆ



ನುಲಿಯ ಚಂದಯ್ಯನವರ ಕಥೆ ತಮಗೆಲ್ಲ ತಿಳಿದದ್ದೇ. ಹುಲ್ಲು ಕೊಯ್ಯುವಾಗ ಲಿಂಗ ಜಾರಿ ನೀರಿಗೆ ಬಿತ್ತು. ಅವರು ಕೈ ನಿಲ್ಲಿಸದೆ ಹೊರೆ ಹೊತ್ತು ನಡೆದೇಬಿಟ್ಟರು. ಲಿಂಗವೇ ಬೆನ್ನ ಹಿಂದೆ ಬಂದು ಬೇಡಿಕೊಂಡಿತಂತೆ. ಕೊನೆಗೆ ಹಗ್ಗ ಮಾರುವ ಕೆಲಸಕ್ಕೆ ಅದನ್ನೂ ಹಚ್ಚಿದರು. ಪುರಾಣ ಕೇಳುವಾಗ ತಲೆದೂಗುತ್ತೇವೆ. ಮನೆಯ ಹುಡುಗ ಸ್ಪ್ಯಾನರ್ ಹಿಡಿದರೆ ಮಾತ್ರ ಮುಖ ಸಪ್ಪಗಾಗುತ್ತದೆ.

ಕಳೆದ ಅಮಾವಾಸ್ಯೆಗೆ ವಯನಾಡಿನ ರೈತರೊಬ್ಬರು ಎಂಟನೆಯ ತರಗತಿ ಮುಗಿಸಿದ ಮಗನೊಡನೆ ಮಠಕ್ಕೆ ಬಂದಿದ್ದರು. ಪ್ರಸಾದಕ್ಕೆ ಕರೆಯುವಷ್ಟರಲ್ಲಿ ಹುಡುಗ ಬಾವಿಯ ಮೋಟಾರಿನ ಸದ್ದು ಕೇಳಿ, "ಬೇರಿಂಗ್ ಸವೆದಿದೆ ಬುದ್ಧೀ" ಎಂದ. ಬಿಚ್ಚಿ ನೋಡಿದರೆ ನಿಜವೇ. ನಾವು ಬಿ.ಕಾಂ. ಓದಿದವರು, ಫ್ಯೂಸ್ ಕಟ್ಟಲೂ ಇನ್ನೊಬ್ಬರನ್ನು ಕರೆಯುತ್ತೇವೆ! "ಇವನನ್ನು ಟೆಕ್ನಿಕಲ್ ಹೈಸ್ಕೂಲಿಗೆ ಏಕೆ ಸೇರಿಸಲಿಲ್ಲ?" ಎಂದೆವು. "ಅಂಥದ್ದೊಂದು ಇದೆಯೆಂದು ಯಾರು ಹೇಳಿದರು ಸ್ವಾಮಿ?" ಎಂದರು ತಂದೆ. ತಪ್ಪು ನಮ್ಮದು. ಜಾತ್ರೆಯ ದೇಣಿಗೆದಾರರ ಪಟ್ಟಿಗೆ ಪತ್ರಿಕೆಯಲ್ಲಿ ಎರಡು ಪುಟ ಕೊಟ್ಟೆವು, ಇದಕ್ಕೆ ಎರಡು ಸಾಲು ಕೊಡಲಿಲ್ಲ.

ವಯನಾಡಿನಲ್ಲಿ ಮಾನಂತವಾಡಿ ಮತ್ತು ಸುಲ್ತಾನ್ ಬತ್ತೇರಿಯಲ್ಲಿ ಸರ್ಕಾರಿ ಟೆಕ್ನಿಕಲ್ ಹೈಸ್ಕೂಲುಗಳಿವೆ. ಏಳನೆಯ ತರಗತಿ ಪಾಸಾದವರು ಎಂಟಕ್ಕೆ ಸೇರಬೇಕು. ಗಣಿತ, ವಿಜ್ಞಾನ, ಭಾಷೆಗಳ ಜೊತೆಗೆ ಎಂಜಿನಿಯರಿಂಗ್ ಡ್ರಾಯಿಂಗ್ ಮತ್ತು ವರ್ಕ್‌ಶಾಪಿನ ಕೆಲಸವೂ ಇರುತ್ತದೆ. ಹತ್ತು ಮುಗಿದಾಗ ಸಿಗುವ ಟಿ.ಎಚ್.ಎಸ್.ಎಲ್.ಸಿ. ಪ್ರಮಾಣಪತ್ರ ಎಸ್.ಎಸ್.ಎಲ್.ಸಿ.ಗೆ ಸಮಾನ, ಪಾಲಿಟೆಕ್ನಿಕ್‌ಗಳಲ್ಲಿ ಇಂಥವರಿಗೆಂದೇ ಮೀಸಲು ಸೀಟುಗಳಿವೆ. "ಆಮೇಲೆ ಕಾಲೇಜು ತಪ್ಪೀತು" ಎಂದು ಅಂಜುವವರು ಇದನ್ನು ಗಮನಿಸಬೇಕು: ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಬಿ.ಟೆಕ್.ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಪಾಲಿಟೆಕ್ನಿಕ್ ಮೀನಂಗಾಡಿಯಲ್ಲಿದೆ, ಸರ್ಕಾರಿ ಎಂಜಿನಿಯರಿಂಗ್ ಕಾಲೇಜು 1999ರಿಂದ ತಲಪ್ಪುಳದಲ್ಲಿದೆ.

ಇನ್ನು ಮರ್ಯಾದೆಯ ಮಾತು. ಗುಂಡ್ಲುಪೇಟೆಯ ತರಕಾರಿ ಘಟ್ಟ ಇಳಿಯುವುದು ಲಾರಿಯಲ್ಲಿ. ಬಂಡೀಪುರದ ಕಾಡಿನಲ್ಲಿ ರಾತ್ರಿ ಒಂಬತ್ತಕ್ಕೆ ಗೇಟ್ ಬೀಳುವ ಮೊದಲು ಆ ಲಾರಿ ಕೆಟ್ಟು ನಿಂತರೆ, ಅದನ್ನು ಎಬ್ಬಿಸುವ ಮೆಕ್ಯಾನಿಕ್‌ಗೆ ನಮ್ಮ ವರ್ತಕರು ಅಣ್ಣಾ ಎಂದು ಕೈಮುಗಿಯುತ್ತಾರೆ. ಅದೇ ಕೆಲಸ ಮಗನಿಗೆ ಬೇಡ! ಹೆಣ್ಣು ಕೊಡುವವರು ಏನೆಂದಾರು ಎಂಬ ಚಿಂತೆ. ಬಾಚಿಕಾಯಕದ ಬಸವಣ್ಣನವರು ಮರ ಕೆತ್ತುತ್ತಲೇ ವಚನಕಾರರಾದರು, ಅನುಭವ ಮಂಟಪದಲ್ಲಿ ಅವರಿಗೆ ಕುಲ ಕೇಳಿದವರಿಲ್ಲ.

ಆ ಹುಡುಗನಿಗೆ ಎಂಟರ ಬಾಗಿಲು ಮುಚ್ಚಿತು. ಹತ್ತು ಮುಗಿಸಿ ಪಾಲಿಟೆಕ್ನಿಕ್‌ಗೆ ಅರ್ಜಿ ಹಾಕುತ್ತಾನೆ. ಅರ್ಜಿ ತುಂಬಿಸುವ ಹೊಣೆ ಮಠದ್ದು. ಈ ವರ್ಷ ಏಳರಲ್ಲಿ ಓದುತ್ತಿರುವ ಗಂಡುಹೆಣ್ಣು ಮಕ್ಕಳ ತಂದೆತಾಯಿಗಳು ಬೇಸಿಗೆ ರಜೆಗೆ ಮೊದಲೇ ಶಾಲೆಗೆ ಹೋಗಿ ವಿಚಾರಿಸಬೇಕು. ಹೋಗಲು ಸಂಕೋಚವಾದರೆ ಸೋಮವಾರ ಪೂಜೆ ಮುಗಿದ ಮೇಲೆ ಕಚೇರಿಗೆ ಬನ್ನಿ, ಜೊತೆಗೆ ನಾವೇ ಬರುತ್ತೇವೆ.