ಬೆಕ್ಕಿನ ನವೆಯೂ ಗೃಹಸ್ಥನ ಧರ್ಮವೂ

ಪರಪೀಡೆಯನ್ನು ಪರಿಹರಿಸುವುದು ಪುಣ್ಯವೆಂಬುದರಲ್ಲಿ ವಿವಾದವಿಲ್ಲ. ಆದರೆ ಆ ಪೀಡೆಯು ನಮ್ಮ ಮನೆಯೊಳಗೆ, ನಾವೇ ಬಾಗಿಲಿಕ್ಕಿ ಇರಿಸಿಕೊಂಡಿರುವ ಒಂದು ಪ್ರಾಣಿಗೆ ಉಂಟಾದಾಗ ಅದನ್ನು ಪರಿಹರಿಸುವುದು ಪುಣ್ಯವೋ ಋಣವೋ ಎಂಬುದು ವಿಚಾರಮಾಡತಕ್ಕ ವಿಷಯವಾಗಿದೆ. ಪುಣ್ಯಕಾರ್ಯವನ್ನು ಮಾಡದವನು ಅದರ ಫಲವನ್ನು ಕಳೆದುಕೊಳ್ಳುತ್ತಾನೆ, ಅಷ್ಟೆ. ಋಣವನ್ನು ತೀರಿಸದವನು ಅಪರಾಧಿಯಾಗುತ್ತಾನೆ. ಈ ಅಂತರವನ್ನು ಪರೀಕ್ಷಿಸುವುದಕ್ಕೆ ಘನವಾದ ಉದಾಹರಣೆಗಳೇನೂ ಬೇಕಾಗಿಲ್ಲ. ಮೈ ತುರಿಸಿಕೊಳ್ಳುವ ಒಂದು ಸಾಮಾನ್ಯ ಬೆಕ್ಕು ಸಾಕು. ವಿಷಯವು ಕ್ಷುದ್ರವೆಂದು ವಾಚಕರು ಪುಟವನ್ನು ತಿರುವಿಬಿಡಬಾರದೆಂದು ಪ್ರಾರ್ಥನೆ. ತನ್ನ ಮೈಮೇಲಿನ ನವೆಯನ್ನು ಕ್ಷುದ್ರವೆಂದು ತಿಳಿದವರನ್ನು ನಾನು ಇದುವರೆಗೆ ಕಂಡಿಲ್ಲ.

ನಮ್ಮ ಹಿರಿಯರು ಪ್ರಾಣಿಗಳ ರೋಗವನ್ನು ಉಪೇಕ್ಷಿಸಿದವರಲ್ಲ. ಆನೆಗೆ ಪಾಲಕಾಪ್ಯನ ಹಸ್ತ್ಯಾಯುರ್ವೇದವುಂಟು, ಕುದುರೆಗೆ ಶಾಲಿಹೋತ್ರವುಂಟು, ಕನ್ನಡದಲ್ಲಿಯೇ ಚಾಲುಕ್ಯವಂಶದ ಕೀರ್ತಿವರ್ಮನು ಗೋವೈದ್ಯವನ್ನು ಬರೆದನು. ಆದರೆ ಮಾರ್ಜಾಲವೈದ್ಯವೆಂಬ ಗ್ರಂಥವನ್ನು ನಾನು ಎಲ್ಲಿಯೂ ನೋಡಿಲ್ಲ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಆನೆ ಕುದುರೆಗಳು ರಾಜನ ಸ್ವತ್ತು, ಹಸುವು ಗೃಹಸ್ಥನ ಸ್ವತ್ತು. ಬೆಕ್ಕಾದರೋ ಯಾರ ಸ್ವತ್ತೂ ಆಗಿರಲಿಲ್ಲ. ಅದು ಅಟ್ಟದಲ್ಲಿ ಈಯುತ್ತಿತ್ತು, ಕಣಜದ ಇಲಿಯನ್ನು ಹಿಡಿಯುತ್ತಿತ್ತು, ಮನಸ್ಸು ಬಂದರೆ ನೆರೆಮನೆಗೆ ಹೋಗುತ್ತಿತ್ತು. ಹಾಲು ಕುಡಿದರೆ ಕದ್ದು ಕುಡಿಯುತ್ತಿತ್ತು. ಅದಕ್ಕೂ ನಮಗೂ ಇದ್ದ ಸಂಬಂಧವು ಛತ್ರದ ಯಾತ್ರಿಕನಿಗೂ ಪಾರುಪತ್ಯಗಾರನಿಗೂ ಇರುವ ಸಂಬಂಧದಂತಹುದು. ಅದಕ್ಕೆ ತುರಿಕೆಯಾದರೆ ಹಿತ್ತಲಿನ ಮಣ್ಣಿನಲ್ಲಿ ಹೊರಳುತ್ತಿತ್ತು, ಸ್ಥಳ ಸರಿಬೀಳದಿದ್ದರೆ ಬಿಟ್ಟು ಹೋಗುತ್ತಿತ್ತು. ವೈಶ್ವದೇವದ ಬಲಿಯನ್ನು ನಾಯಿಗೂ ಕಾಗೆಗೂ ಕ್ರಿಮಿಗಳಿಗೂ ನೆಲದ ಮೇಲೆ ಇಡುವ ಭೂತಯಜ್ಞವು ಇಂತಹ ಸ್ವತಂತ್ರ ಪ್ರಾಣಿಗಳನ್ನು ಕುರಿತದ್ದು. ಅಲ್ಲಿ ಕೊಡುವವನು ದಾತೃ, ತಿನ್ನುವುದು ಅತಿಥಿ.

ಇಂದಿನ ಸ್ಥಿತಿ ಬೇರೆ. ಬೆಂಗಳೂರಿನಂತಹ ನಗರದಲ್ಲಿ ನಾಲ್ಕನೆಯ ಅಂತಸ್ತಿನ ಒಂದು ಮನೆಯನ್ನು ಭಾವಿಸಿಕೊಳ್ಳಿರಿ. ಕಿಟಕಿಗಳಿಗೆ ಬಲೆ, ಬಾಗಿಲಿಗೆ ಅಗುಳಿ. ಒಳಗೆ ಒಂದು ಬೆಕ್ಕು. ಅದಕ್ಕೆ ಸಂತಾನಶಕ್ತಿಯನ್ನು ತಪ್ಪಿಸುವ ಶಸ್ತ್ರಚಿಕಿತ್ಸೆಯೂ ಆಗಿದೆ. ಇದೆಲ್ಲವನ್ನೂ ಅದರ ಹಿತಕ್ಕಾಗಿಯೇ ಮಾಡಿದ್ದಾರೆ. ಬೀದಿಯಲ್ಲಿ ಮೋಟಾರುಗಳಿವೆ, ನಾಯಿಗಳಿವೆ, ಅಂಟುರೋಗಗಳಿವೆ. ಒಳಗಿನ ಬೆಕ್ಕು ಹೊರಗಿನದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಆದುದರಿಂದ ಕೂಡಿಹಾಕುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಕೂಡಿಹಾಕಿದೊಡನೆಯೇ ಸಂಬಂಧದ ಸ್ವರೂಪ ಬದಲಾಯಿತೆಂಬುದನ್ನು ಮರೆಯಲಾಗದು. ಸ್ಥಳ ಬಿಟ್ಟು ಹೋಗುವ ಅದರ ಹಳೆಯ ಚಿಕಿತ್ಸೆಯನ್ನು ನಾವು ಕಿತ್ತುಕೊಂಡಿದ್ದೇವೆ. ಶ್ರೀವೈಷ್ಣವ ಸಿದ್ಧಾಂತದಲ್ಲಿ ಮರ್ಕಟಕಿಶೋರನ್ಯಾಯ, ಮಾರ್ಜಾಲಕಿಶೋರನ್ಯಾಯ ಎಂದು ಎರಡು ದೃಷ್ಟಾಂತಗಳಿವೆ. ಕೋತಿಯ ಮರಿ ತಾನೇ ತಾಯಿಯನ್ನು ಅಪ್ಪಿ ಹಿಡಿಯುತ್ತದೆ. ಬೆಕ್ಕಿನ ಮರಿಯನ್ನು ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುತ್ತದೆ, ಮರಿಯ ಪ್ರಯತ್ನವೇನೂ ಇಲ್ಲ. ತೆಂಕಲೆಯವರು ಈ ಎರಡನೆಯದನ್ನು ಶರಣಾಗತಿಗೆ ಉದಾಹರಿಸುತ್ತಾರೆ. ಅಗುಳಿ ಹಾಕಿದ ಮನೆಯಲ್ಲಿ ಬೆಕ್ಕು ಎಷ್ಟು ಮುದಿಯಾದರೂ ಮರಿಯೇ. ಕಚ್ಚಿ ಹಿಡಿದಿರುವ ಬಾಯಿ ನಮ್ಮದು. ಹಲ್ಲು ತಾಗದಂತೆ ಹಿಡಿಯುವ ಹೊಣೆಯೂ ಹಿಡಿದವನದೇ ಅಲ್ಲವೆ?

ಆದುದರಿಂದ ಒಳಗಿನ ಬೆಕ್ಕಿನ ನವೆಯನ್ನು ತೀರಿಸುವುದು ಋಣವೆಂದೇ ನನ್ನ ಅಭಿಪ್ರಾಯ. ಋಣವೆಂದ ಮೇಲೆ ಸಾಲಗಾರನು ತನಗೆ ತೋರಿದ ನಾಣ್ಯದಲ್ಲಿ ತೀರಿಸುವಂತಿಲ್ಲ. ಸಾಲಿಗನಿಗೆ ಸಲ್ಲುವ ನಾಣ್ಯದಲ್ಲಿ ತೀರಿಸಬೇಕು. ಇಲ್ಲಿಯೇ ತೊಡಕು ಮೊದಲಾಗುತ್ತದೆ.

ಮೊದಲನೆಯದಾಗಿ, ಈ ಸಾಲಿಗನು ಬಾಯಿಬಿಟ್ಟು ಕೇಳುವುದಿಲ್ಲ. ನಾಯಿಯು ಪರಪರನೆ ಕೆರೆದುಕೊಂಡು ಮನೆಮಂದಿಗೆಲ್ಲ ತಿಳಿಸುತ್ತದೆ. ಬೆಕ್ಕು ಅನೇಕವೇಳೆ ನೆಕ್ಕಿಕೊಳ್ಳುತ್ತದೆ, ಅದೂ ಯಾರೂ ಇಲ್ಲದ ಹೊತ್ತಿನಲ್ಲಿ. ನೋಡಿದವರು ‘ಎಷ್ಟು ಶುಚಿಯಾದ ಪ್ರಾಣಿ!’ ಎಂದು ಮೆಚ್ಚುತ್ತಾರೆ. ಕೆಲವು ವಾರಗಳಾದ ಮೇಲೆ ಹೊಟ್ಟೆಯಲ್ಲಿಯೋ ತೊಡೆಯ ಒಳಭಾಗದಲ್ಲಿಯೋ ಕೂದಲು ಬೋಳಾಗಿರುವುದು ಕಾಣುತ್ತದೆ. ಕತ್ತಿನ ಸುತ್ತ ಜೋಳದ ನುಚ್ಚಿನಂತಹ ಹಕ್ಕಳೆಗಳು ಕೈಗೆ ತಗಲುತ್ತವೆ. ಆಗ ಹೊರಡುವ ನಿರ್ಣಯವೇನೆಂದರೆ, ‘ಒಂಟಿಯಾಗಿದೆ, ಬೇಸರ, ಮನಸ್ಸಿನ ಕಾಯಿಲೆ’ ಎಂದು. ಬೇಸರದಿಂದ ನೆಕ್ಕುವ ಬೆಕ್ಕುಗಳು ಇಲ್ಲವೆಂದಲ್ಲ. ಆದರೆ 2006ರಲ್ಲಿ ಅಮೆರಿಕದ ಪಶುವೈದ್ಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಪರಿಶೀಲನೆಯೊಂದು ಇಲ್ಲಿ ಗಮನಾರ್ಹವಾದುದು. ಮನೋವ್ಯಾಧಿಯೆಂದು ಶಂಕಿಸಿದ್ದ 21 ಬೆಕ್ಕುಗಳನ್ನು ಕ್ರಮವಾಗಿ ಪರೀಕ್ಷಿಸಿದಾಗ 16ಕ್ಕೆ ದೈಹಿಕ ಕಾರಣವೇ ಇತ್ತು. ಕೇವಲ ಮನಸ್ಸಿನದೆಂದು ನಿಂತದ್ದು 2 ಮಾತ್ರ. ಉಳಿದ 3ರಲ್ಲಿ ಎರಡೂ ಬೆರೆತಿದ್ದವು. ಕರಿಹಲಗೆಯ ಅಕ್ಷರ ಕಣ್ಣಿಗೆ ಕಾಣದ ಹುಡುಗನನ್ನು ಸೋಮಾರಿಯೆಂದು ಕರೆಯುವ ಪದ್ಧತಿ ನಮ್ಮ ಶಾಲೆಗಳಲ್ಲಿ ಬಹುಕಾಲ ನಡೆದುಬಂದಿತು. ಶರೀರವನ್ನು ಪರೀಕ್ಷಿಸುವುದಕ್ಕಿಂತ ಸ್ವಭಾವವನ್ನು ದೂಷಿಸುವುದು ಸುಲಭ. ಅದಕ್ಕೆ ಖರ್ಚೂ ಇಲ್ಲ.

ಹಾಗಾದರೆ ಕಾರಣಗಳಾವುವು? ಎಲ್ಲಕ್ಕಿಂತ ಮೊದಲು ನೋಡತಕ್ಕದ್ದು ಚಿಗಟ. ‘ಹೊಸ್ತಿಲು ದಾಟದ ಬೆಕ್ಕಿಗೆ ಚಿಗಟ ಎಲ್ಲಿಂದ ಬಂದೀತು?’ ಎಂದು ಕೇಳುವುದುಂಟು. ಉತ್ತರವು ಸ್ವಲ್ಪ ಮುಜುಗರದ್ದು: ನಮ್ಮಿಂದಲೇ. ಉಡುಪಿನಲ್ಲಿ, ಚೀಲದಲ್ಲಿ, ಬಂದುಹೋಗುವ ನಾಯಿಯ ಮೈಯಲ್ಲಿ ಅದು ಒಳಗೆ ಬರುತ್ತದೆ. ಹೆಣ್ಣು ಚಿಗಟವು ದಿನಕ್ಕೆ 40ರಿಂದ 50ರವರೆಗೆ ಮೊಟ್ಟೆಯಿಡಬಲ್ಲುದು. ಮೊಟ್ಟೆಗಳು ಮೈಯಿಂದ ಜಾರಿ ಜಮಖಾನೆಯಲ್ಲಿ, ಹಾಸಿಗೆಯಲ್ಲಿ, ನೆಲದ ಸಂದುಗಳಲ್ಲಿ ಬೀಳುತ್ತವೆ. ಅಲ್ಲಿ ಮರಿಹುಳುವಾಗಿ ಗೂಡು ಕಟ್ಟಿಕೊಂಡ ಮೇಲೆ ತಿಂಗಳುಗಟ್ಟಲೆ ಕಾದಿರಬಲ್ಲವು. ಕೆಲವು ಬೆಕ್ಕುಗಳಿಗೆ ಚಿಗಟದ ಎಂಜಲೇ ಒಗ್ಗುವುದಿಲ್ಲ. ನಾಲ್ಕಾರು ಕಡಿತಗಳೇ ಮೈಯೆಲ್ಲ ನವೆಯೇಳಿಸಲು ಸಾಕಾಗುತ್ತವೆ. ಹಾಗೆ ನವೆಯೆದ್ದ ಬೆಕ್ಕು ತನ್ನ ಒರಟು ನಾಲಗೆಯಿಂದ ಚಿಗಟವನ್ನೆಲ್ಲ ಕಿತ್ತು ನುಂಗಿಬಿಡುವುದರಿಂದ ಹುಡುಕಿದರೂ ಒಂದೂ ಸಿಕ್ಕದಿರಬಹುದು. ಹಣಿಗೆಯಿಂದ ಬಾಚಿ ಬಂದ ಕಪ್ಪುಪುಡಿಯನ್ನು ಒದ್ದೆಯಾದ ಬಿಳಿಯ ಬಟ್ಟೆಯ ಮೇಲೆ ಉದುರಿಸಿದರೆ ಅದು ಕೆಂಪಾಗಿ ಹರಡುತ್ತದೆ. ಅದು ಚಿಗಟದ ಮಲ, ಎಂದರೆ ಬೆಕ್ಕಿನದೇ ರಕ್ತ. ಔಷಧವನ್ನು ಮನೆಯ ಎಲ್ಲ ಪ್ರಾಣಿಗಳಿಗೂ, ಕನಿಷ್ಠ ಮೂರು ತಿಂಗಳು ಬಿಡದೆ ಹಾಕಬೇಕು. ಹಾಸಿಗೆ ಜಮಖಾನೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಒಂದು ಸಾರಿ ಹಾಕಿ ಗುಣವಾಗಲಿಲ್ಲವೆಂದು ಬಿಡುವವರೇ ಹೆಚ್ಚು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಒಂದು ಜೀವದ ತುರಿಕೆಗಾಗಿ ನೂರಾರು ಜೀವಗಳನ್ನು ಕೊಲ್ಲುವುದು ಧರ್ಮವೆ? ಇದನ್ನು ನಗೆಯಾಡಿ ತಳ್ಳಿಹಾಕತಕ್ಕದ್ದಲ್ಲ. ಗುಜರಾತಿನ ಜೈನರು ತಮ್ಮ ಪಾಂಜರಪೋಳಗಳಲ್ಲಿ ಕ್ರಿಮಿಕೀಟಗಳಿಗೂ ಒಂದು ಕೋಣೆಯನ್ನು ಬಿಟ್ಟಿದ್ದರು. ಆದರೆ ಅಹಿಂಸೆಯೆಂಬುದು ತಲೆಗಳ ಎಣಿಕೆಯಲ್ಲ. ಚಿಗಟವನ್ನು ಕೊಲ್ಲದವನು ಬೆಕ್ಕನ್ನು ಅದಕ್ಕೆ ಆಹಾರವಾಗಿ ಕಟ್ಟಿಕೊಡುತ್ತಾನೆ. ಅಗುಳಿ ಹಾಕದಿದ್ದರೆ ಅದು ಅವೆರಡರ ನಡುವಿನ ವ್ಯವಹಾರ. ಹಾಕಿದ ಮೇಲೆ ನಾವೂ ಅದರಲ್ಲಿ ಸೇರಿದ್ದೇವೆ. ಈ ವಿಷಯದಲ್ಲಿ ಕೈ ತೊಳೆದುಕೊಂಡು ನಿಲ್ಲುವ ಮೂರನೆಯ ಸ್ಥಾನವೊಂದು ಇದ್ದಂತೆ ನನಗೆ ತೋರುವುದಿಲ್ಲ. ಹುಳು ಹೆಚ್ಚದಂತೆ ಮೊದಲೇ ಗುಡಿಸಿ ಒಗೆದಿದ್ದರೆ ಕೊಲ್ಲಬೇಕಾದುದು ಕಡಿಮೆಯಾಗುತ್ತಿತ್ತು ಎಂದಷ್ಟೇ ಹೇಳಬಹುದು.

ಎರಡನೆಯ ತೊಡಕು ನಮ್ಮ ಸದ್ಭಾವನೆಯದು. ಒಳ್ಳೆಯ ಉದ್ದೇಶದಿಂದ ಮಾಡಿದ್ದರಲ್ಲಿ ದೋಷವಿಲ್ಲವೆಂದು ಜನರು ಸಮಾಧಾನಮಾಡಿಕೊಳ್ಳುತ್ತಾರೆ. ಬೆಕ್ಕಿನ ವಿಷಯದಲ್ಲಿ ಇದು ಪ್ರಾಣಕ್ಕೇ ಬರುತ್ತದೆ. ನಾಯಿಯ ಚಿಗಟಕ್ಕೆಂದು ಮಾರುವ ಕೆಲವು ಔಷಧಗಳಲ್ಲಿ ಪರ್ಮೆಥ್ರಿನ್ ಎಂಬ ದ್ರವ್ಯವುಂಟು. ನಾಯಿಗೆ ಅದರಿಂದ ಬಾಧಕವಿಲ್ಲ. ಬೆಕ್ಕಿಗೆ ಹಾಕಿದರೆ ನಡುಕ, ಸೆಳವು, ಕೊನೆಗೆ ಮರಣ. ಬೆಕ್ಕಿನ ಯಕೃತ್ತಿಗೆ ಕೆಲವು ವಿಷಗಳನ್ನು ಕಳಚಿಹಾಕುವ ಶಕ್ತಿ ಹುಟ್ಟಿನಿಂದಲೇ ಕುಂದಿದೆ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲಿನ ಒಂದೇ ಮಾತ್ರೆ ಅದನ್ನು ಕೊಲ್ಲಬಲ್ಲುದು. ಕರ್ಪೂರವನ್ನು ಎಣ್ಣೆಯಲ್ಲಿ ಕಾಯಿಸಿ ಸವರುವುದು, ಸೀಮೆಎಣ್ಣೆಯ ಬಟ್ಟೆಯಿಂದ ಒರಸುವುದು, ನುಸಿಗುಳಿಗೆಯನ್ನು ಹಾಸಿಗೆಯ ಕೆಳಗಿಡುವುದು, ಇವೆಲ್ಲವೂ ವಿಷಪ್ರಯೋಗಗಳೇ. ಚರಕನು ನವೆಯನ್ನು ಕಳೆಯುವ ಹತ್ತು ದ್ರವ್ಯಗಳನ್ನು ‘ಕಂಡೂಘ್ನ’ವೆಂದು ಒಂದು ಗಣವಾಗಿ ಹೇಳಿರುವುದು ನಿಜ, ಶ್ರೀಗಂಧ, ಬೇವು, ಹೊಂಗೆ, ಸಾಸಿವೆಗಳು ಅದರಲ್ಲಿ ಸೇರಿವೆ. ಆ ಶಾಸ್ತ್ರದ ಮೇಲೆ ನನಗಿರುವ ಗೌರವ ಸಣ್ಣದಲ್ಲ. ಆದರೆ ಅದನ್ನು ಮನುಷ್ಯನಿಗಾಗಿ ಹೇಳಿದೆ. ಮನುಷ್ಯನು ಹಚ್ಚಿಕೊಂಡ ಲೇಪವನ್ನು ನೆಕ್ಕುವುದಿಲ್ಲ. ಬೆಕ್ಕಿಗೆ ಹಚ್ಚಿದ್ದೆಲ್ಲವೂ ಉಣಿಸಿದ್ದೇ. ಅಧಿಕಾರಿಭೇದವನ್ನು ತಿಳಿಯದೆ ಶಾಸ್ತ್ರವನ್ನು ಪ್ರಯೋಗಿಸಬಾರದೆಂಬುದು ಶಾಸ್ತ್ರಜ್ಞರಿಗೆ ನಾನು ಹೇಳಬೇಕಾದ ಮಾತಲ್ಲ.

ವೈದ್ಯನಲ್ಲಿಗೆ ಒಯ್ದರೂ ಪರೀಕ್ಷೆ ಮುಗಿಯಲಿಲ್ಲ. ಸ್ಟಿರಾಯ್ಡಿನ ಒಂದು ಸೂಜಿಮದ್ದಿನಿಂದ ತುರಿಕೆ ಅಡಗಿಹೋಗುತ್ತದೆ, ಗೃಹಸ್ಥನಿಗೆ ಸಂತೋಷ. ಮೂರು ನಾಲ್ಕು ವಾರಗಳಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ, ಮತ್ತೊಂದು ಸೂಜಿ. ಈ ಮದ್ದು ತನ್ನ ಸ್ಥಾನದಲ್ಲಿ ಉಪಕಾರಿಯೇ. ಒಳ್ಳೆಯ ವೈದ್ಯರೂ ಕೊಡುತ್ತಾರೆ. ಆದರೆ ಪದೇ ಪದೇ ಕೊಟ್ಟರೆ ಬೆಕ್ಕಿಗೆ ಸಿಹಿಮೂತ್ರರೋಗ ಬರುವ ಸಂಭವವುಂಟು. ಕಾರಣವೂ ಮರೆಯಾಗಿಯೇ ಉಳಿಯುತ್ತದೆ. ತುರಿಕೆ ನಿಲ್ಲಬೇಕಾದದ್ದು ಬೆಕ್ಕಿಗಾಗಿಯೋ, ಅದನ್ನು ನೋಡಲಾರದ ನಮ್ಮ ಕಣ್ಣಿಗಾಗಿಯೋ ಎಂದು ಇಂತಹ ಸಂದರ್ಭದಲ್ಲಿ ಕೇಳಿಕೊಳ್ಳಬೇಕು. ಕತ್ತಿಗೆ ಕಟ್ಟುವ ಆಲಿಕೆಯಂತಹ ಪಟ್ಟಿಯ ಮಾತೂ ಹೀಗೆಯೇ. ಮೊದಲು ಸಿಡುಬೆದ್ದ ಮಕ್ಕಳ ಕೈಗಳನ್ನು ತಾಯಂದಿರು ಬಟ್ಟೆಯಿಂದ ಸುತ್ತುತ್ತಿದ್ದರು. ಜೊತೆಗೆ ಬಳಿಯಲ್ಲಿ ಕುಳಿತು ಬೇವಿನ ಸೊಪ್ಪಿನಿಂದ ಸವರುತ್ತಲೂ ಇದ್ದರು. ಪಟ್ಟಿಯನ್ನು ಕಟ್ಟಿ ನವೆಯನ್ನು ಹಾಗೆಯೇ ಬಿಟ್ಟರೆ ಅದು ಕೈಸುತ್ತಿ ಎದ್ದುಹೋದಂತೆ.

ಹುಳುಕಡ್ಡಿಯ ವಿಷಯ ಸ್ವಲ್ಪ ಭಯದ್ದು. ಹೆಸರಿನಲ್ಲಿ ಹುಳುವಿದ್ದರೂ ಅದು ಹುಳುವಲ್ಲ, ಒಂದು ಬಗೆಯ ಬೂಷ್ಟು. ಬೆಕ್ಕಿನಿಂದ ಮಕ್ಕಳಿಗೆ ಅಂಟುತ್ತದೆ. ಮೊಳಕೈಯ ಮೇಲೆ ಕೆಂಪು ಉಂಗುರವೆದ್ದ ದಿನವೇ ಮನೆಯಲ್ಲಿ ಬೆಕ್ಕಿನ ವಿಚಾರಣೆ ನಡೆಯುತ್ತದೆ. ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟುಬರುವ ಹಳೆಯ ಶಿಕ್ಷೆ ಈಗ ಕಾರಿನಲ್ಲಿ ಒಯ್ದು ತರಕಾರಿ ಮಂಡಿಯ ಬಳಿ ಬಿಡುವುದಾಗಿ ಮಾರ್ಪಟ್ಟಿದೆ. ಔಷಧದಿಂದ ಗುಣವಾಗುವ ರೋಗವಿದು. ಬೆಕ್ಕಿಗೂ ಮಗುವಿಗೂ ಕೂಡ. ಬಲೆಯೊಳಗೆ ಬೆಳೆದ ಪ್ರಾಣಿಗೆ ಬೀದಿಯೆಂಬುದು ಸ್ವಾತಂತ್ರ್ಯವಲ್ಲ. ಸರ್ಕಾರದವರೂ ಇದನ್ನು ಕಂಡಿದ್ದಾರೆ: 1960ನೆಯ ಇಸವಿಯ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯು ಪ್ರಾಣಿಯನ್ನು ವಶದಲ್ಲಿರಿಸಿಕೊಂಡವನು ಅದರ ಕ್ಷೇಮಕ್ಕೆ ತಕ್ಕ ಏರ್ಪಾಡು ಮಾಡಬೇಕೆಂದು 3ನೆಯ ಕಲಮಿನಲ್ಲಿ ವಿಧಿಸುತ್ತದೆ, ಹಸಿವು ಬಾಯಾರಿಕೆಗಳಿಂದ ನರಳುವಂತೆ ಬಿಟ್ಟುಬಿಡುವುದನ್ನು ಅಪರಾಧವೆಂದು ಎಣಿಸುತ್ತದೆ. ಕಾಯಿದೆಯೂ ಇಲ್ಲಿ ದಯೆಯ ಮಾತನ್ನಾಡದೆ ಕರ್ತವ್ಯದ ಮಾತನ್ನೇ ಆಡಿದೆ.

ಚಿಗಟ, ಕಜ್ಜಿಹುಳು, ಬೂಷ್ಟು ಯಾವುದೂ ಅಲ್ಲವೆಂದು ಗೊತ್ತಾದ ಮೇಲೆ ಉಳಿಯುವುದರಲ್ಲಿ ಆಹಾರವೊಂದು. ಅದನ್ನು ಕಂಡುಹಿಡಿಯುವುದಕ್ಕೆ ನಂಬತಕ್ಕ ರಕ್ತಪರೀಕ್ಷೆಯಿಲ್ಲ; ಬೆಕ್ಕು ಹಿಂದೆಂದೂ ತಿನ್ನದ ಒಂದೇ ಬಗೆಯ ಮಾಂಸವನ್ನು, ಇಲ್ಲವೆ ಅದಕ್ಕೆಂದೇ ಸಿದ್ಧಪಡಿಸಿದ ಆಹಾರವನ್ನು ಸುಮಾರು ಎಂಟು ವಾರ ಕೊಟ್ಟು ನೋಡಬೇಕು. ಆ ಎಂಟು ವಾರ ಬೇರೊಂದು ತುತ್ತೂ ಇಲ್ಲ, ಹಾಲಿನ ಒಂದು ಹನಿಯೂ ಇಲ್ಲ. ನವೆ ತಗ್ಗಿದರೆ ಹಳೆಯ ಆಹಾರವನ್ನು ಮತ್ತೆ ಕೊಟ್ಟು, ನವೆ ಮರಳಿತೆ ಎಂದು ನೋಡಿ ನಿರ್ಣಯಿಸಬೇಕು. ಅಜ್ಜಿಯ ಕೈಯಿಂದ ಗುಟ್ಟಾಗಿ ಬೀಳುವ ಮೊಸರನ್ನದಿಂದ ಇಡೀ ವ್ರತ ಭಂಗವಾಗುತ್ತದೆ.

ಈ ಹಂತದಲ್ಲಿ ಶಾಕಾಹಾರದ ಮನೆಗಳಿಗೆ ನಿಜವಾದ ಸಂಕಟ ಒದಗುತ್ತದೆ. ಬೆಕ್ಕಿನ ದೇಹವು ಟಾರೀನ್ ಎಂಬ ಸತ್ತ್ವವನ್ನು ತನಗೆ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅದಿಲ್ಲದೆ ಕಣ್ಣಿನ ಒಳಪೊರೆ ಕೆಡುವುದೆಂದು 1975ರಲ್ಲಿ, ಹೃದಯ ಸಡಿಲವಾಗುವುದೆಂದು 1987ರಲ್ಲಿ ತಿಳಿದುಬಂದಿತು. ಆ ಸತ್ತ್ವವು ಮಾಂಸದಲ್ಲಿಯೂ ಮೀನಿನಲ್ಲಿಯೂ ಹೇರಳವಾಗಿರುತ್ತದೆ; ಹಾಲನ್ನದಲ್ಲಿ ಅದು ಸಾಲದು. ‘ನಮ್ಮ ಬೆಕ್ಕು ಸಾತ್ತ್ವಿಕ, ಹಾಲನ್ನದ ಹೊರತು ಮುಟ್ಟುವುದಿಲ್ಲ’ ಎಂದು ಹೆಮ್ಮೆಪಡುವ ಮನೆಗಳುಂಟು. ಹಿಂದಿನ ಸಾತ್ತ್ವಿಕ ಬೆಕ್ಕು ರಾತ್ರಿ ಅಟ್ಟದಲ್ಲಿ ಏನು ಮಾಡುತ್ತಿತ್ತೆಂಬುದು ಇಲಿಗಳಿಗೆ ಗೊತ್ತಿತ್ತು. ಇನ್ನು ಕೆಲವರು ಅಂಗಡಿಯಿಂದ ಒಣ ಆಹಾರದ ಪೊಟ್ಟಣವನ್ನು ತಂದು ‘ಇದು ಬಿಸ್ಕತ್ತು’ ಎನ್ನುತ್ತಾರೆ. ಪೊಟ್ಟಣದ ಹಿಂಬದಿಯಲ್ಲಿ ಕೋಳಿ, ಮೀನು ಎಂದು ಅಚ್ಚಾಗಿರುವುದನ್ನು ಓದುವುದಿಲ್ಲ. ಸ್ಮೃತಿಕಾರರು ದಾಂಭಿಕನಿಗೆ ಬೈಡಾಲವ್ರತಿಕನೆಂದು ಹೆಸರಿಟ್ಟರು. ಕಣ್ಣು ಮುಚ್ಚಿ ಹಾಲು ಕುಡಿಯುವ ಅಪವಾದವೂ ಬೆಕ್ಕಿನ ಮೇಲಿದೆ. ಇಲ್ಲಿ ಕಣ್ಣು ಮುಚ್ಚಿರುವುದು ಬೆಕ್ಕಲ್ಲ.

ನನ್ನ ಅಭಿಪ್ರಾಯವನ್ನು ಕೇಳಿದರೆ, ಮಾಂಸವನ್ನು ಮನೆಗೆ ತರಲಾರೆವೆಂಬುವರು ಬೆಕ್ಕನ್ನು ತರದಿರುವುದು ಗೌರವದ ದಾರಿ. ಅವರ ಆಚಾರವನ್ನು ನಾನು ಅಲ್ಲಗಳೆಯುವುದಿಲ್ಲ. ಈಗಾಗಲೇ ತಂದಿರುವವರಿಗೆ ಆ ದಾರಿ ಮುಚ್ಚಿದೆ. ನಮ್ಮ ವ್ರತವನ್ನು ನಾವು ನಮ್ಮ ನಾಲಗೆಯಿಂದ ಆಚರಿಸಬಹುದು, ಅದರ ನಾಲಗೆಯಿಂದ ಆಚರಿಸಲಾಗದು. ನನಗೆ ಪರಿಚಿತವಾದ ಒಂದು ಆಚಾರವಂತ ಕುಟುಂಬದಲ್ಲಿ ಇದಕ್ಕಾಗಿ ಹಿಂಬದಿಯ ಬಾಲ್ಕನಿಯಲ್ಲಿ ಒಂದು ವಿದ್ಯುತ್ ಒಲೆ, ಒಂದು ಪಾತ್ರೆ, ಒಂದು ಸೌಟನ್ನು ಬೇರೆಯಾಗಿಟ್ಟಿದ್ದಾರೆ. ಮನೆಯ ಯಜಮಾನಿತಿ ಸ್ನಾನಕ್ಕೆ ಮೊದಲು ಅಲ್ಲಿ ಹೋಗಿ ಬೇಯಿಸಿ, ತೂಕಮಾಡಿ, ಬೆಕ್ಕಿಗಿಟ್ಟು ಬರುತ್ತಾರೆ. ಈಗ ಆರನೆಯ ವಾರ. ಬೋಳಾಗಿದ್ದ ಹೊಟ್ಟೆಯ ಮೇಲೆ ಕೂದಲು ಹುಟ್ಟುತ್ತಿದೆಯೋ ಇಲ್ಲವೋ ಎಂಬ ವಿಷಯದಲ್ಲಿ ಆಕೆಗೂ ಅವರ ಪತಿಗೂ ಭಿನ್ನಾಭಿಪ್ರಾಯವಿದೆ.