ಮುಯ್ಯಿ ಬಾಕಿ ಇರಲಿ

"ಆಶೀರ್ವಾದವೇ ಉಡುಗೊರೆ" ಅಂತ ಕಾರ್ಡಿನ ಕೊನೇ ಸಾಲಲ್ಲಿ ಅಚ್ಚಾಗಿದ್ದರೂ ಬರಿಗೈಯಲ್ಲಿ ಹೋಗೋಕೆ ಯಾರಿಗೂ ಮನಸ್ಸು ಬರಲ್ಲ. ಮದುವೆಗಾದರೆ ಕವರ್ ಇದೆ, ಬಚಾವು. ಗೃಹಪ್ರವೇಶಕ್ಕೆ, ಅದೂ ಎಲ್ಲ ಇರುವವರ ಗೃಹಪ್ರವೇಶಕ್ಕೆ ಏನು ಒಯ್ಯೋದು? ಗೋಡೆಯ ಬಣ್ಣ ಡಿಸೈನರ್ ಆರಿಸಿದ್ದು, ಕರ್ಟನ್ನು ಆ ಬಣ್ಣಕ್ಕೆ ಹೊಂದಿದ್ದು. ನಾವು ಕೊಟ್ಟ ಗೋಡೆ ಗಡಿಯಾರ ಪೇಪರ್ ಕೂಡ ಬಿಚ್ಚಿಸಿಕೊಳ್ಳದೆ ಅಟ್ಟ ಸೇರುತ್ತೆ, ಆರು ತಿಂಗಳಾದ ಮೇಲೆ ಇನ್ಯಾರದೋ ಗೃಹಪ್ರವೇಶಕ್ಕೆ ಹೊರಡುತ್ತೆ. ದೀಪಾವಳಿಯ ಡ್ರೈಫ್ರೂಟ್ ಡಬ್ಬಿಗಳ ಕಥೆಯೂ ಅಷ್ಟೇ. ಒಂದೊಂದು ಡಬ್ಬಿ ತಿನ್ನಿಸಿಕೊಳ್ಳೋ ಮುಂಚೆ ನಾಲ್ಕು ಮನೆ ನೋಡಿರುತ್ತೆ.

ಇದರ ಲೆಕ್ಕ ಹಾಕಿದವರೂ ಇದ್ದಾರೆ. ಜೋಯೆಲ್ ವಾಲ್ಡ್‌ಫೋಗೆಲ್ ಅನ್ನೋ ಅಮೆರಿಕದ ಅರ್ಥಶಾಸ್ತ್ರಜ್ಞ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ, ನಿಮಗೆ ಬಂದ ಕ್ರಿಸ್‌ಮಸ್ ಉಡುಗೊರೆಗಳನ್ನ ನೀವೇ ಕೊಳ್ಳೋದಾಗಿದ್ದರೆ ಎಷ್ಟು ಕೊಡ್ತಿದ್ರಿ ಅಂತ ಕೇಳಿದರು. ಕೊಟ್ಟವರು ಖರ್ಚು ಮಾಡಿದ್ದಕ್ಕೂ ಪಡೆದವರು ಕಟ್ಟಿದ ಬೆಲೆಗೂ ಹೋಲಿಸಿ 1993ರಲ್ಲಿ ಒಂದು ಪ್ರಬಂಧ ಬರೆದರು. ಉಡುಗೊರೆ ಕೈ ಬದಲಾಯಿಸುವಾಗ ಅದರ ಬೆಲೆಯ ಹತ್ತನೇ ಒಂದು ಭಾಗದಿಂದ ಮೂರನೇ ಒಂದು ಭಾಗದವರೆಗೆ ಸುಮ್ಮನೆ ಆವಿಯಾಗುತ್ತೆ ಅನ್ನೋದು ಅವರ ತೀರ್ಮಾನ. ಹಾಗಾದರೆ ದುಡ್ಡನ್ನೇ ಕೊಟ್ಟುಬಿಡಿ, ಎಲ್ಲರಿಗೂ ಲಾಭ! ಆದರೆ ವಿದ್ಯಾರ್ಥಿಗಳಿಗೆ ಅವರು ಒಂದು ಷರತ್ತು ಹಾಕಿದ್ದರು. ಭಾವನೆಯ ಬೆಲೆಯನ್ನ ಪಕ್ಕಕ್ಕಿಟ್ಟು ಹೇಳಿ ಅಂತ. ಉಪ್ಪು, ಹುಳಿ, ಖಾರ ತೆಗೆದಿಟ್ಟು ಸಾರು ಹೇಗಿದೆ ಅಂತ ಕೇಳಿದ ಹಾಗಾಯ್ತು.

ದುಡ್ಡನ್ನೇ ಕೊಡೋದು ನಮಗೇನು ಹೊಸದಲ್ಲ. ನಮ್ಮ ಹಾಸನದ ಕಡೆ ಹಳ್ಳಿ ಮದುವೇಲಿ ಮುಯ್ಯಿ ಬರೆಯೋಕೆ ಅಂತಲೇ ಒಬ್ಬರು ಚಾಪೆ ಮೇಲೆ ಪುಸ್ತಕ ಹಿಡಿದು ಕೂತಿರ್ತಾರೆ. ಹೆಸರು, ಊರು, ಮೊತ್ತ. ಮದುವೆ ಮುಗಿದ ಮೇಲೆ ಆ ಪುಸ್ತಕ ಬೀರು ಸೇರುತ್ತೆ. ಅವರ ಮನೇಲಿ ಮದುವೆ ಬಂದಾಗ ಹೊರಗೆ ಬರುತ್ತೆ. "ನಮ್ಮ ದೊಡ್ಡೋಳ ಮದುವೇಲಿ ಇನ್ನೂರು ಬರೆಸಿದ್ರು, ಈಗ ಐನೂರಾದ್ರೂ ಬರೆಸ್ಬೇಕು" ಅನ್ನೋ ಮಾತು ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಕೊಟ್ಟಷ್ಟೇ ವಾಪಸ್ ಕೊಡೋದು ಮರ್ಯಾದೆಯಲ್ಲ. ಅಷ್ಟಕ್ಕಷ್ಟೇ ಕೊಟ್ಟರೆ ಲೆಕ್ಕ ಚುಕ್ತಾ ಆಗಿಬಿಡುತ್ತೆ, ಅಂದರೆ ಸಂಬಂಧವೂ ಚುಕ್ತಾ. ಸ್ವಲ್ಪ ಮೇಲೆ ಕೊಟ್ಟು ಬಾಕಿಯನ್ನ ಆ ಕಡೆಗೆ ದಾಟಿಸಬೇಕು. ಆಫೀಸಿನ ಭಾಷೇಲಿ ಹೇಳೋದಾದರೆ ಇದು ಕೀಪ್ ಅಲೈವ್ ಪ್ಯಾಕೆಟ್. ಎರಡು ಕಂಪ್ಯೂಟರ್‌ಗಳ ನಡುವೆ ಮಾತು ನಿಂತಾಗಲೂ, ಸಂಪರ್ಕ ಇನ್ನೂ ಜೀವಂತ ಇದೆಯಾ ಅಂತ ನೋಡೋಕೆ ಆಗಾಗ ಒಂದು ಖಾಲಿ ಪ್ಯಾಕೆಟ್ ಕಳಿಸ್ತಾರೆ. ಒಳಗೆ ಏನೂ ಇರಲ್ಲ. ಉತ್ತರ ಬಂದರೆ ಸಾಕು.

ಮಾರ್ಸೆಲ್ ಮೋಸ್ (ಹೆಸರು ನೋಡಿ ಹೆದರಬೇಡಿ, ಫ್ರೆಂಚರು ಹಾಗೇ ಉಚ್ಚರಿಸೋದು) 1925ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಉಡುಗೊರೆಗೆ ಮೂರು ಕಟ್ಟಳೆ ಇದೆ ಅಂದ. ಕೊಡಲೇಬೇಕು, ತಗೊಳ್ಳಲೇಬೇಕು, ಹಿಂದಿರುಗಿಸಲೇಬೇಕು. ಕನ್ನಡ ಕಲಿತಿದ್ದರೆ ಅವನಿಗೆ ಎಷ್ಟೋ ಶ್ರಮ ಉಳೀತಿತ್ತು ಅನ್ಸುತ್ತೆ. ಯಾಕಂದ್ರೆ ಮದುವೇಲಿ ಕೊಡೋದೂ ಮುಯ್ಯಿ, ನೀನು ನಮ್ಮ ಗದ್ದೆಗೆ ಬಾ ನಾನು ನಿಮ್ಮ ಗದ್ದೆಗೆ ಬರ್ತೀನಿ ಅಂತ ಹೋಗೋದು ಮುಯ್ಯಾಳು, ಸೇಡು ತೀರಿಸಿಕೊಳ್ಳೋದೂ ಮುಯ್ಯಿ. ಪ್ರೀತಿಗೂ ದ್ವೇಷಕ್ಕೂ ಒಂದೇ ಲೆಕ್ಕದ ಪುಸ್ತಕ.

ಇದಕ್ಕೆ ವಿರುದ್ಧವಾದ ಮಾತೂ ಇದೆ, ಅದು ಸಣ್ಣದಲ್ಲ. ಭಗವದ್ಗೀತೆಯ 17ನೇ ಅಧ್ಯಾಯದಲ್ಲಿ ದಾನದ ವಿಂಗಡಣೆ ಬರುತ್ತೆ. ಪ್ರತಿಯಾಗಿ ಏನೂ ಮಾಡದವನಿಗೆ, ತಕ್ಕ ಜಾಗದಲ್ಲಿ, ತಕ್ಕ ಹೊತ್ತಲ್ಲಿ ಕೊಡೋದು ಸಾತ್ವಿಕ. ಹಿಂದಿರುಗಿ ಬರಲಿ ಅಂತ ಕೊಡೋದು ರಾಜಸ. ಆ ಲೆಕ್ಕದಲ್ಲಿ ನಮ್ಮ ಮುಯ್ಯಿ ಪುಸ್ತಕ ಪೂರ್ತಿ ರಾಜಸವೇ. ದಾನದ ವಿಷಯದಲ್ಲಿ ಇದನ್ನ ನಾನು ಒಪ್ತೀನಿ. ಎಲ್ಲ ಇರೋ ಮ್ಯಾನೇಜರಿಗೆ ಏನು ಕೊಡೋದು ಅಂತ ಎರಡು ವಾರ ತಲೆ ಕೆಡಿಸಿಕೊಂಡು, ಮನೆ ಕೆಲಸಕ್ಕೆ ಬರೋ ಅಮ್ಮನಿಗೆ ಹಬ್ಬದ ಹಿಂದಿನ ದಿನ ಬೀರುವಿನಿಂದ ಬೇಡದ ಸೀರೆ ಎಳೆದುಕೊಡೋರು ಆ ಅಧ್ಯಾಯ ಒಂದು ಸಲ ಓದಬೇಕು. ಆದರೆ ಉಡುಗೊರೆ ದಾನ ಅಲ್ಲ. ದಾನ ಕೊಟ್ಟವನು ಹಿಂದಿರುಗಿ ನೋಡಬಾರದು. ಉಡುಗೊರೆ ಕೊಟ್ಟವನು ಹಿಂದಿರುಗಿ ನೋಡದೇ ಹೋದರೆ ಅವಮಾನ. ಸದಾ ತಗೊಳ್ಳೋ ಜಾಗದಲ್ಲೇ ಕೂತವನಿಗೆ ಏನಾಗುತ್ತೆ ಅಂತ ಬಡವರಿಗೆ ಗೊತ್ತು. ಎಲ್ಲ ಇರೋ ವಯಸ್ಸಾದವರಿಗೂ ಗೊತ್ತು ಅನ್ನೋದು ನಮಗೆ ಹೊಳೆಯಲ್ಲ, ಅಷ್ಟೆ.

ನಮ್ಮ ಹೈಸ್ಕೂಲಿನ ಗಣಿತದ ಮೇಷ್ಟ್ರನ್ನೇ ತಗೊಳ್ಳಿ. ನಿವೃತ್ತರಾಗಿ ವರ್ಷಗಳಾಯ್ತು. ಮಕ್ಕಳಿಬ್ಬರೂ ಹೊರದೇಶದಲ್ಲಿ. ಬಿಪಿ ನೋಡೋ ಮಿಷನ್ನು, ಹೆಜ್ಜೆ ಎಣಿಸೋ ವಾಚು, ನೆಲ ಗುಡಿಸೋ ರೋಬೋ, ಎಲ್ಲ ಇದೆ. ರೋಬೋ ನಮ್ಮೂರಿನ ಹೊಸ್ತಿಲು ದಾಟಲಾರದೆ ಮೂಲೇಲಿ ಕೂತಿದೆ. ಶೋಕೇಸಿನ ತುಂಬಾ ಗುರುವಂದನೆಗಳ ನೆನಪಿನ ಕಾಣಿಕೆಗಳು, ಒಳಗಿನ ಟ್ರಂಕಿನಲ್ಲಿ ಮಡಚಿಟ್ಟ ಶಾಲುಗಳು. ನಮ್ಮ ಬ್ಯಾಚಿನವರು ಮತ್ತೆ ಶಾಲು, ಹಾರ, ಹಣ್ಣಿನ ಬುಟ್ಟಿ ಅಂತ ಚರ್ಚೆ ಮಾಡ್ತಿದ್ದಾಗ, ಇತ್ತೀಚೆಗಿನ ಸಲಹೆಯೂ ಬಂತು: ವಸ್ತು ಬೇಡ, ಅನುಭವ ಕೊಡೋಣ, ರೆಸಾರ್ಟ್ ವೋಚರು. ಎಪ್ಪತ್ತು ದಾಟಿದ ಮೇಷ್ಟ್ರು ರೆಸಾರ್ಟಿನಲ್ಲಿ ಏನು ಮಾಡಬೇಕು, ಈಜಬೇಕಾ?

ನಮ್ಮಲ್ಲೊಬ್ಬನ ಮಗಳಿಗೆ ರೇಖಾಗಣಿತ ತಲೆಗೆ ಹತ್ತುತ್ತಿರಲಿಲ್ಲ. ಆ್ಯಪು, ಟ್ಯೂಷನ್ನು ಎಲ್ಲ ಮಾಡಿ ಸೋತಿದ್ದ. ಬೇರೆ ದಾರಿ ಕಾಣದೆ ಮೇಷ್ಟ್ರಿಗೆ ಫೋನ್ ಮಾಡಿ "ಸಾರ್, ಭಾನುವಾರ ಒಂದು ಗಂಟೆ ವೀಡಿಯೊ ಕಾಲಲ್ಲಿ ಹೇಳಿಕೊಡ್ತೀರಾ" ಅಂತ ಕೇಳಿದ. ಉಡುಗೊರೆ ಅನ್ನೋ ಯೋಚನೆಯೇ ಅವನಿಗಿರಲಿಲ್ಲ. ಮೇಷ್ಟ್ರು ಶನಿವಾರವೇ ಕಪ್ಪು ಹಲಗೆಗೆ ಬಣ್ಣ ಹೊಡೆಸಿದರು. ಮೊದಲನೇ ದಿನವೇ ಆ ಹುಡುಗೀಗೆ ಬೈದರಂತೆ, ಪೆನ್ಸಿಲ್ ಮೊನೆ ದಪ್ಪ ಇದೆ ಅಂತ. ಶೋಕೇಸಿನಲ್ಲಿರೋ ಅಷ್ಟೂ ನೆನಪಿನ ಕಾಣಿಕೆಗಳು ಕೊಡದೇ ಇದ್ದದ್ದು ಆ ಬೈಗುಳದಲ್ಲಿತ್ತು.

ಎಲ್ಲ ಇರೋರ ಹತ್ತಿರ ಇಲ್ಲದೇ ಇರೋದು ಇದೊಂದೇ, ತಮ್ಮಿಂದ ಏನಾದರೂ ಬೇಕು ಅಂತ ಬರೋರು. ಹಾಗಂತ ಇದನ್ನೊಂದು ಟಿಪ್ಸ್ ಮಾಡಿಕೊಂಡು, ಪಾಪ ವಯಸ್ಸಾದವರು, ಏನಾದ್ರೂ ಕೆಲಸ ಕೊಡೋಣ ಅಂತ ಹೊರಟರೆ ಕೆಟ್ಟಿತು. ಅದು ದಾನವೇ, ಬೇರೆ ಪ್ಯಾಕಿಂಗ್ ಅಷ್ಟೆ. ಐದು ನಿಮಿಷದಲ್ಲಿ ಅವರಿಗೆ ತಿಳಿಯುತ್ತೆ. ಕೇಳೋನಿಗೆ ನಿಜವಾಗಿ ಬೇಕಿರಬೇಕು. ನಮ್ಮ ತಲೆಮಾರಿಗೆ ಕಷ್ಟ ಇರೋದೇ ಇಲ್ಲಿ. ನನಗಾದರೂ ಯಾರಿಂದ ಏನು ಬೇಕು? ಹಾಲು ಹೆಪ್ಪು ಹಾಕೋಕೆ ಪಕ್ಕದ ಮನೆಗೆ ಲೋಟ ಹಿಡಿದು ಹೋಗ್ತಿದ್ದ ಹುಡುಗ ನಾನು. ಈಗ ಹತ್ತು ನಿಮಿಷದಲ್ಲಿ ಮೊಸರಿನ ಪ್ಯಾಕೆಟ್ಟೇ ಬಾಗಿಲಿಗೆ ಬರುತ್ತೆ. ಕೊಡೋ ಕಡೆಯೂ ಎಲ್ಲ ಇದೆ, ತಗೊಳ್ಳೋ ಕಡೆಯೂ ಎಲ್ಲ ಇದೆ, ನಡುವೆ ಗೋಡೆ ಗಡಿಯಾರ ಓಡಾಡ್ತಾ ಇದೆ. ಹಳ್ಳೀಲಿ ಎಲ್ಲ ಚೆನ್ನಾಗಿತ್ತು ಅಂತ ಹೇಳ್ತಿಲ್ಲ. ಮುಯ್ಯಿ ಬರೆಸೋಕೆ ದುಡ್ಡಿಲ್ಲದೆ ಹತ್ತಿರದವರ ಮದುವೆಗೇ ಹೋಗದೆ ಮನೇಲಿ ಕೂತವರನ್ನ ನೋಡಿದ್ದೀನಿ. ಕೇಳೋ ಅನಿವಾರ್ಯತೆ ತಪ್ಪಿದ್ದು ದೊಡ್ಡ ಬಿಡುಗಡೆಯೇ. ಅದರ ಜೊತೆಗೆ ಕೇಳೋ ಅಭ್ಯಾಸವೂ ತಪ್ಪಿಹೋಯ್ತು.

ಬರೋ ತಿಂಗಳು ನಮ್ಮ ಸೋದರಮಾವನ ಅರವತ್ತರ ಶಾಂತಿ. ಪಂಚೆ, ಬೆಳ್ಳಿ ಲೋಟ ಎಲ್ಲ ಅತ್ತೆ ಮಕ್ಕಳು ನೋಡಿಕೊಂಡಿದ್ದಾರೆ. ನಾನು ಏನು ಕೊಡೋದು ಅನ್ನೋದನ್ನ ಬಿಟ್ಟು, ಅವರಿಂದ ನನಗೇನು ಬೇಕು ಅಂತ ಯೋಚನೆ ಮಾಡ್ತಾ ಹೋದೆ. ಒಂದು ವಾರ ಬೇಕಾಯ್ತು. ನಮ್ಮ ತೋಟದಲ್ಲಿ ನೆಲದೊಳಗಿನ ಹಳೇ ಪೈಪ್‌ಲೈನ್ ಎಲ್ಲೋ ಒಡೆದಿದೆ, ಕೊನೇ ಸಾಲಿನ ತೆಂಗಿಗೆ ನೀರು ಹೋಗ್ತಿಲ್ಲ. ನಕ್ಷೆ ಗಿಕ್ಷೆ ಏನೂ ಇಲ್ಲ. ಆವತ್ತು ಅಪ್ಪನ ಜೊತೆ ನಿಂತು ಅದನ್ನ ಹೂಳಿಸಿದ್ದು ಮಾವನೇ. ಅಪ್ಪ ಈಗಿಲ್ಲ, ಅದು ಎಲ್ಲೆಲ್ಲಿ ತಿರುಗುತ್ತೆ ಅಂತ ಗೊತ್ತಿರೋದು ಅವರೊಬ್ಬರಿಗೇ. ಫೋನ್ ಮಾಡಿ ಕೇಳಿದೆ. ಶಾಂತಿ ಮುಗಿದ ಮಾರನೇ ದಿನವೇ ಬರ್ತಾರಂತೆ. ಬಿಸಿಲೇರೋ ಮುಂಚೆ ಶುರು ಮಾಡಬೇಕು, ಹಾರೆ ತಂದಿಡು, ಗುರುತು ಹಾಕೋಕೆ ಸುಣ್ಣದ ಪುಡಿ ಮರೀಬೇಡ ಅಂತ ಎರಡು ಸಲ ಹೇಳಿದ್ದಾರೆ.